ಫೌಲರ್ ಗೋಲು ಹೊಡೆದರು, ಕ್ಲಬ್ ಮುಚ್ಚಿತು: ಟೌನ್ಸ್‌ವಿಲ್‌ನ ಒಂದು ಲೆಕ್ಕ

2009ರ ಆಗಸ್ಟ್ ತಿಂಗಳು. ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯ ಟೌನ್ಸ್‌ವಿಲ್ ಊರಿನಲ್ಲಿ ಒಂದು ಹೊಸ ಫುಟ್‌ಬಾಲ್ ಕ್ಲಬ್ ತನ್ನ ಮೊದಲ ಲೀಗ್ ಪಂದ್ಯ ಆಡಿತು. ಕ್ಲಬ್ಬಿನ ಹೆಸರು ನಾರ್ತ್ ಕ್ವೀನ್ಸ್‌ಲ್ಯಾಂಡ್ ಫ್ಯೂರಿ. ಎದುರಿಗೆ ಸಿಡ್ನಿ ಎಫ್‌ಸಿ. ಫ್ಯೂರಿಗೆ ಒಂದು ಪೆನಾಲ್ಟಿ ಸಿಕ್ಕಿತು. ನಾಯಕ ಒದ್ದರು, ಗೋಲಾಯಿತು. ಆ ನಾಯಕ ರಾಬಿ ಫೌಲರ್. ಲಿವರ್‌ಪೂಲ್ ಅಭಿಮಾನಿಗಳು ‘ದೇವರು’ ಅಂತಲೇ ಕರೆಯುತ್ತಿದ್ದ ಇಂಗ್ಲೆಂಡ್ ಆಟಗಾರ. ಪಂದ್ಯವನ್ನು ಮಾತ್ರ ಸಿಡ್ನಿ 3-2ರಿಂದ ಗೆದ್ದುಕೊಂಡು ಹೋಯಿತು.

ಅಲ್ಲಿಂದ ಎರಡು ವರ್ಷ ಕೂಡ ತುಂಬಲಿಲ್ಲ. 2011ರ ಮಾರ್ಚ್ 1ರಂದು ಆ ಕ್ಲಬ್ಬನ್ನು ಲೀಗಿನಿಂದ ತೆಗೆದು ಹಾಕಿದರು.

ವಯಸ್ಸಾದ ಸ್ಟಾರ್ ಬಂದ, ಬೀಚ್ ನೋಡಿದ, ದುಡ್ಡು ಎಣಿಸಿಕೊಂಡು ಹೋದ. ಆಸ್ಟ್ರೇಲಿಯಾದ ಫುಟ್‌ಬಾಲ್ ಬಗ್ಗೆ ಯಾರನ್ನು ಕೇಳಿದರೂ ಸಿಗುವ ಮಾತು ಇದು. ನಮ್ಮ ದೇಶದ ಫುಟ್‌ಬಾಲ್ ಲೀಗ್ ಐಎಸ್‌ಎಲ್ ಬಗ್ಗೆಯೂ ಇದನ್ನೇ ಹೇಳುತ್ತಾರೆ. ಫೌಲರ್ ವಿಷಯದಲ್ಲಿ ಈ ಮಾತು ಸುಳ್ಳು. ಅದಕ್ಕೇ ನನಗೆ ಅವರ ಕಥೆ ಬೇರೆಲ್ಲ ಸ್ಟಾರ್‌ಗಳ ಕಥೆಗಿಂತ ಮುಖ್ಯ ಅನ್ನಿಸುತ್ತದೆ. ಆಟಗಾರ ತನ್ನ ಕೆಲಸ ಸರಿಯಾಗಿ ಮಾಡಿದ. ಆದರೂ ಕ್ಲಬ್ ಉಳಿಯಲಿಲ್ಲ. ಹಾಗಾದರೆ ತಪ್ಪಿದ್ದೆಲ್ಲಿ?

ಮೊದಲು ಆ ಮನುಷ್ಯನ ಬಗ್ಗೆ ನಾಲ್ಕು ಮಾತು. ಫೌಲರ್ 1975ರಲ್ಲಿ ಲಿವರ್‌ಪೂಲಿನ ಟಾಕ್ಸ್‌ಟೆತ್‌ನಲ್ಲಿ ಹುಟ್ಟಿದರು. ದುಡಿಯುವ ಜನರ ಬಡಾವಣೆ. 1994ರ ಆಗಸ್ಟಿನಲ್ಲಿ ಆರ್ಸೆನಲ್ ವಿರುದ್ಧ 4 ನಿಮಿಷ 33 ಸೆಕೆಂಡಿನಲ್ಲಿ ಮೂರು ಗೋಲು ಹೊಡೆದರು. ಪ್ರೀಮಿಯರ್ ಲೀಗಿನ ಆ ದಾಖಲೆಯನ್ನು 2015ರಲ್ಲಿ ಸಾಡಿಯೊ ಮಾನೆ ಮುರಿಯುವವರೆಗೆ ಯಾರೂ ಮುಟ್ಟಿರಲಿಲ್ಲ. ಪ್ರೀಮಿಯರ್ ಲೀಗಿನಲ್ಲಿ ಒಟ್ಟು 163 ಗೋಲು. ಇಂಗ್ಲೆಂಡ್ ಪರ 26 ಪಂದ್ಯ.

ಅಂಕಿ ಅಂಶಕ್ಕಿಂತ ನನಗೆ ನೆನಪಿರುವುದು 1997ರ ಮಾರ್ಚ್ ತಿಂಗಳು. ಆ ಒಂದೇ ತಿಂಗಳಲ್ಲಿ ಎರಡು ಘಟನೆ ನಡೆದವು. ಲಿವರ್‌ಪೂಲಿನ ಹಡಗುಕಟ್ಟೆಯ ಕಾರ್ಮಿಕರು ಕೆಲಸ ಕಳೆದುಕೊಂಡು ಹೋರಾಟಕ್ಕೆ ಕೂತಿದ್ದರು. ಯುರೋಪಿನ ಟೂರ್ನಿಯೊಂದರ ಪಂದ್ಯದಲ್ಲಿ ಗೋಲು ಹೊಡೆದ ಮೇಲೆ ಫೌಲರ್ ಜೆರ್ಸಿ ಎತ್ತಿದರು. ಒಳಗಿನ ಟಿ-ಶರ್ಟಿನ ಮೇಲೆ ಆ ಕಾರ್ಮಿಕರ ಪರ ಬರಹ ಇತ್ತು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ದಂಡ ಹಾಕಿತು. ಅದೇ ದಿನಗಳಲ್ಲಿ ಆರ್ಸೆನಲ್ ಜೊತೆಗಿನ ಪಂದ್ಯದಲ್ಲಿ ಅವರಿಗೆ ಪೆನಾಲ್ಟಿ ಸಿಕ್ಕಿತು. ‘ಗೋಲ್‌ಕೀಪರ್ ನನ್ನನ್ನು ಬೀಳಿಸಲಿಲ್ಲ, ಪೆನಾಲ್ಟಿ ಬೇಡ’ ಅಂತ ರೆಫರಿಗೆ ಹೇಳಿದವರು ಸ್ವತಃ ಫೌಲರ್. ರೆಫರಿ ಒಪ್ಪಲಿಲ್ಲ. ಒದ್ದರು, ಕೀಪರ್ ತಡೆದರು, ವಾಪಸ್ ಬಂದ ಚೆಂಡನ್ನು ಜೊತೆಯ ಆಟಗಾರ ಗೋಲಿಗೆ ಹಾಕಿದರು. ಇಂಥ ಆಟಗಾರನನ್ನು ಜನ ಬರೀ ಗೋಲಿಗಾಗಿ ಪ್ರೀತಿಸುವುದಿಲ್ಲ, ಅಲ್ವಾ?

ಮುಂದೆ ಗಾಯಗಳು ಬಂದವು. ಲೀಡ್ಸ್, ಮ್ಯಾಂಚೆಸ್ಟರ್ ಸಿಟಿ, ಮತ್ತೆ ಲಿವರ್‌ಪೂಲ್, ಆಮೇಲೆ ಕಾರ್ಡಿಫ್, ಬ್ಲ್ಯಾಕ್‌ಬರ್ನ್. 2009ರ ಫೆಬ್ರವರಿಯಲ್ಲಿ ಫ್ಯೂರಿಗೆ ಸಹಿ ಹಾಕಿದಾಗ ಅವರಿಗೆ 33 ವರ್ಷ. ಇಂಗ್ಲೆಂಡಿನಲ್ಲಿ ದೊಡ್ಡ ಕ್ಲಬ್‌ಗಳ ಬಾಗಿಲು ಮುಚ್ಚುವ ವಯಸ್ಸು. ಟೌನ್ಸ್‌ವಿಲ್‌ಗಾದರೋ ಊರಿಗೆ ಬಂದ ಅತಿ ದೊಡ್ಡ ಫುಟ್‌ಬಾಲ್ ಹೆಸರು.

ಈಗ ಊರಿನ ಕಡೆ ತಿರುಗೋಣ. ಟೌನ್ಸ್‌ವಿಲ್ ಬಂದರು ಪಟ್ಟಣ, ಸೈನ್ಯದ ದೊಡ್ಡ ನೆಲೆ ಇರುವ ಊರು. ಜನಸಂಖ್ಯೆ ಎರಡು ಲಕ್ಷಕ್ಕಿಂತ ಕಡಿಮೆ. ಅಲ್ಲಿ ಆಟ ಅಂದರೆ ರಗ್ಬಿ ಲೀಗ್, ರಗ್ಬಿಯದ್ದೇ ಒಂದು ಬಗೆ. 1995ರಿಂದ ಆಡುತ್ತಿರುವ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ತಂಡ ಆ ಊರಿನ ಮನೆಮಾತು. ಫ್ಯೂರಿ ಆಡುತ್ತಿದ್ದದ್ದು ಕೌಬಾಯ್ಸ್ ಆಡುವ ಮೈದಾನದಲ್ಲೇ, ಬಾಡಿಗೆಗೆ. ಮೈದಾನದಲ್ಲಿ 25 ಸಾವಿರಕ್ಕೂ ಜಾಸ್ತಿ ಜನ ಕೂರಬಹುದಿತ್ತು. ಅದರ ಕಾಲು ಭಾಗ ತುಂಬಿದರೂ ಫ್ಯೂರಿಗೆ ಒಳ್ಳೆಯ ದಿನ. ಮುಕ್ಕಾಲು ಖಾಲಿ ಇರುವ ಮೈದಾನದಲ್ಲಿ ಕೂತು ನೋಡಿದವರಿಗೆ ಗೊತ್ತಿರುತ್ತದೆ, ಬಂದ ಆರು ಸಾವಿರ ಜನರ ಕೂಗು ಕೂಡ ಖಾಲಿ ಕುರ್ಚಿಗಳ ನಡುವೆ ಕರಗಿ ಹೋಗುತ್ತದೆ.

ದೂರ ಇನ್ನೊಂದು ತೊಂದರೆ. ಟೌನ್ಸ್‌ವಿಲ್‌ನಿಂದ ತನ್ನದೇ ರಾಜ್ಯದ ರಾಜಧಾನಿ ಬ್ರಿಸ್ಬೇನ್‌ಗೆ ರಸ್ತೆಯಲ್ಲಿ 1,300 ಕಿಲೋಮೀಟರಿಗೂ ಹೆಚ್ಚು. ಪರ್ತ್‌ಗೆ ವಿಮಾನದಲ್ಲೂ ಮೂರು ಸಾವಿರ ಕಿಲೋಮೀಟರ್ ದಾಟುತ್ತದೆ. ಲೀಗಿನಲ್ಲಿ ನ್ಯೂಜಿಲ್ಯಾಂಡಿನ ವೆಲಿಂಗ್ಟನ್ ತಂಡವೂ ಇತ್ತು. ಆಟಗಾರರು, ಕೋಚ್, ಫಿಸಿಯೊ, ಸಾಮಾನು ಎಲ್ಲ ಸೇರಿ ಎರಡು ವಾರಕ್ಕೊಮ್ಮೆ ಇಷ್ಟು ದೂರ ಹಾರಬೇಕು. ಜೊತೆಗೆ ಹವಾಮಾನ. ಫ್ಯೂರಿ ಆಡುತ್ತಿದ್ದ ಆಸ್ಟ್ರೇಲಿಯಾದ ಫುಟ್‌ಬಾಲ್ ಲೀಗಿನ ಹೆಸರು ಎ-ಲೀಗ್. ಅದನ್ನು ಬೇಸಿಗೆಯಲ್ಲಿ ಆಡಿಸುವುದೇ ರಗ್ಬಿ ಲೀಗ್ ಮತ್ತು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಸೀಸನ್‌ನಿಂದ ತಪ್ಪಿಸಿಕೊಳ್ಳಲಿಕ್ಕೆ. ಟೌನ್ಸ್‌ವಿಲ್‌ನಲ್ಲಿ ಬೇಸಿಗೆ ಅಂದರೆ ಮಳೆಗಾಲ. ಸೆಖೆ, ಬೆವರು, ಚಂಡಮಾರುತದ ಕಾಲ. ನಮ್ಮ ಕರಾವಳಿಯವರು ಮೇ ತಿಂಗಳ ಕೊನೆಯ ಮಂಗಳೂರನ್ನು ನೆನಪಿಸಿಕೊಂಡರೆ ಸಾಕು. 34 ವರ್ಷದ ಫಾರ್ವರ್ಡ್ ಅದರಲ್ಲಿ 90 ನಿಮಿಷ ಓಡಬೇಕು.

ಇನ್ನು ‘ಮಾರ್ಕೀ’ ಅನ್ನುವ ವ್ಯವಸ್ಥೆ. ಇದು ಅರ್ಥವಾಗದೆ ಮುಂದಿನದು ಅರ್ಥವಾಗುವುದಿಲ್ಲ. ಎ-ಲೀಗ್ ಶುರುವಾದದ್ದು 2005ರಲ್ಲಿ, ಎಂಟು ತಂಡಗಳೊಂದಿಗೆ. ಅದಕ್ಕೂ ಮುಂಚೆ 1977ರಿಂದ 2004ರವರೆಗೆ ನ್ಯಾಷನಲ್ ಸಾಕರ್ ಲೀಗ್ ಇತ್ತು. ಅದರ ಎಷ್ಟೋ ಕ್ಲಬ್‌ಗಳನ್ನು ಕಟ್ಟಿದವರು ಇಟಲಿ, ಗ್ರೀಸ್, ಕ್ರೊಯೇಷಿಯಾದಿಂದ ವಲಸೆ ಬಂದವರು. ಹೊಸ ಲೀಗ್ ಆ ಗುರುತುಗಳನ್ನು ಬದಿಗಿಟ್ಟು ಊರಿಗೊಂದು ಕ್ಲಬ್ ಅನ್ನುವ ಹಾಗೆ ಶುರುವಾಯಿತು. ಹಳೆಯ ಲೀಗ್ ದುಡ್ಡಿನ ತಾಪತ್ರಯದಲ್ಲೇ ನವೆದಿತ್ತು. ಅದಕ್ಕೆ ಈ ಸಲ ಸಂಬಳಕ್ಕೆ ಮಿತಿ ಹಾಕಿದರು. ಒಂದು ಕ್ಲಬ್ ತನ್ನ ಎಲ್ಲ ಆಟಗಾರರಿಗೂ ಸೇರಿ ಇಂತಿಷ್ಟೇ ಕೊಡಬೇಕು ಅಂತ. ಒಬ್ಬ ಮಾರ್ಕೀ ಆಟಗಾರನಿಗೆ ಮಾತ್ರ ವಿನಾಯಿತಿ. ಅವರ ಸಂಬಳ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಮಾಲೀಕರ ಜೇಬು ಎಷ್ಟು ದೊಡ್ಡದೋ ಅಷ್ಟು ದೊಡ್ಡ ಹೆಸರು ತರಬಹುದು.

ಕೇಳೋಕೆ ಚೆನ್ನಾಗಿದೆ. ಮೊದಲ ಸೀಸನ್‌ನಲ್ಲೇ ಟ್ರಿನಿಡಾಡ್‌ನ ಡ್ವೈಟ್ ಯಾರ್ಕ್ ಸಿಡ್ನಿಗೆ ಬಂದರು, ಸಿಡ್ನಿ ಪ್ರಶಸ್ತಿಯನ್ನೂ ಗೆದ್ದಿತು. ಎಲ್ಲರಿಗೂ ಅದೇ ದಾರಿ ಅನ್ನಿಸಿತು.

ಆ ವಿನಾಯಿತಿಯ ಲೆಕ್ಕ ಹೇಗಿರುತ್ತದೆ ನೋಡಿ. ಇದು ಫೌಲರ್ ಸಂಬಳ ಅಲ್ಲ, ಸುಮ್ನೆ ಉದಾಹರಣೆಗೆ ಹಾಕಿದ ಮೊತ್ತ. ಮಾರ್ಕೀ ಆಟಗಾರನಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಅಂದುಕೊಳ್ಳಿ. ಆಗ ಸೀಸನ್‌ಗೆ 27 ಪಂದ್ಯ. ತವರಿನಲ್ಲಿ 13 ಅಂತ ಇಟ್ಟುಕೊಳ್ಳೋಣ. ಖರ್ಚು ಕಳೆದು ಒಂದು ಟಿಕೆಟ್‌ನಿಂದ ಕ್ಲಬ್ಬಿಗೆ 20 ಡಾಲರ್ ಉಳಿಯುತ್ತದೆ ಅಂದರೆ, ಆ ಒಬ್ಬರ ಸಂಬಳ ಹುಟ್ಟಲಿಕ್ಕೇ ಪ್ರತಿ ತವರು ಪಂದ್ಯಕ್ಕೆ 3,800ಕ್ಕೂ ಜಾಸ್ತಿ ಹೊಸ ಜನ ಬರಬೇಕು. ಮೊದಲೇ ಬರುತ್ತಿದ್ದವರು ಲೆಕ್ಕಕ್ಕಿಲ್ಲ. ಹೊಸಬರೇ ಬೇಕು. ಒಂದು ಪಂದ್ಯಕ್ಕಲ್ಲ, ಹದಿಮೂರಕ್ಕೂ. ಮಳೆ ಬಂದರೂ, ತಂಡ ಸೋತರೂ. ಸಿಡ್ನಿ, ಮೆಲ್ಬರ್ನ್‌ನಂಥ ನಲವತ್ತು ಲಕ್ಷ ದಾಟಿದ ನಗರದಲ್ಲಿ ಇದು ಕಷ್ಟ, ಆದರೆ ಆಗದ ಮಾತಲ್ಲ. ಎರಡು ಲಕ್ಷವೂ ಇಲ್ಲದ ಊರಿನಲ್ಲಿ? ಊರಿನ ಪ್ರತಿ ನೂರು ಜನರಲ್ಲಿ ಇಬ್ಬರು ಹೊಸದಾಗಿ ಫುಟ್‌ಬಾಲ್ ಹುಚ್ಚು ಹಿಡಿಸಿಕೊಂಡು, ಹದಿಮೂರು ಸಲವೂ ಟಿಕೆಟ್ ಕೊಂಡು ಬರಬೇಕು. ಹೊಸ ಕ್ಲಬ್ಬಿಗೆ ಅಂಥ ಜನ ಒಂದೇ ವರ್ಷದಲ್ಲಿ ಎಲ್ಲಿಂದ ಬರುತ್ತಾರೆ?

ಫೌಲರ್ ಮೈದಾನದಲ್ಲಿ ಏನು ಮಾಡಿದರು ಅನ್ನುವುದನ್ನು ಇದರ ಪಕ್ಕ ಇಟ್ಟು ನೋಡಬೇಕು. 26 ಪಂದ್ಯ, 9 ಗೋಲು. 27ರಲ್ಲಿ 26 ಆಡಿದರು ಅನ್ನುವುದನ್ನು ಗಮನಿಸಿ. ರಜೆ ಕಳೆಯಲು ಬಂದ ಮನುಷ್ಯ ಇಷ್ಟು ಪಂದ್ಯ ಆಡುವುದಿಲ್ಲ. ಕೋಚ್ ಇಯಾನ್ ಫರ್ಗ್ಯುಸನ್, ಸ್ಕಾಟ್ಲೆಂಡಿನ ರೇಂಜರ್ಸ್‌ನ ಹಳೆಯ ಆಟಗಾರ. ಹೊಸದಾಗಿ ಕಟ್ಟಿದ ತಂಡ ಹತ್ತರಲ್ಲಿ ಏಳನೇ ಸ್ಥಾನ ಪಡೆಯಿತು. ಬ್ರಿಸ್ಬೇನ್, ಅಡಿಲೇಡ್‌ನಂಥ ದೊಡ್ಡ ನಗರಗಳ ತಂಡಗಳು ಅವರಿಗಿಂತ ಕೆಳಗಿದ್ದವು. ಮೊದಲ ವರ್ಷಕ್ಕೆ ಇದು ನಾಚಿಕೆಪಡುವ ಫಲಿತಾಂಶ ಅಲ್ಲವೇ ಅಲ್ಲ.

ಆದರೆ ಗಲ್ಲಾಪೆಟ್ಟಿಗೆ ಬೇರೆ ಮಾತಾಡುತ್ತಿತ್ತು. ಕ್ಲಬ್ಬಿನ ಮಾಲೀಕತ್ವ ಕುಸಿಯಿತು. ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ಎಫ್‌ಎಫ್‌ಎ ತಾನೇ ಲೈಸೆನ್ಸ್ ವಾಪಸ್ ತೆಗೆದುಕೊಂಡು ನಡೆಸಬೇಕಾಯಿತು. ಖರ್ಚು ಕಡಿತ ಶುರುವಾದಾಗ ಮೊದಲು ಕಣ್ಣಿಗೆ ಬಿದ್ದದ್ದು ಮಾರ್ಕೀ ಸಂಬಳ. ಒಂದೇ ಸೀಸನ್‌ಗೆ ಫೌಲರ್ ಟೌನ್ಸ್‌ವಿಲ್ ಬಿಟ್ಟು ದೇಶದ ಇನ್ನೊಂದು ತುದಿಯ ಪರ್ತ್ ಗ್ಲೋರಿಗೆ ಹೋದರು. ಯಾರ ಹೆಸರಿಟ್ಟುಕೊಂಡು ಸೀಸನ್ ಟಿಕೆಟ್ ಮಾರಿದ್ದರೋ ಅವರೇ ಎರಡನೇ ವರ್ಷಕ್ಕೆ ಇಲ್ಲ. ಮೊದಲ ವರ್ಷ ಅಪ್ಪನ ಕೈ ಹಿಡಿದು ಫೌಲರ್ ನೋಡಲು ಬಂದ ಮಗುವಿಗೆ ಎರಡನೇ ವರ್ಷ ಏನು ಹೇಳಿ ಕರೆಯುವುದು?

2010-11ರಲ್ಲಿ ಫ್ಯೂರಿ ಹನ್ನೊಂದು ತಂಡಗಳಲ್ಲಿ ಕೊನೆಯ ಸ್ಥಾನಕ್ಕೆ ಬಿತ್ತು. ಅಡಿಲೇಡ್‌ನಲ್ಲಿ 8-1ರ ಸೋಲು. ಫೆಬ್ರವರಿ ಆರಂಭದಲ್ಲಿ ಯಾಸಿ ಚಂಡಮಾರುತ ಉತ್ತರ ಕ್ವೀನ್ಸ್‌ಲ್ಯಾಂಡಿಗೆ ಅಪ್ಪಳಿಸಿತು. ಊರಿನ ಜನ ತಮ್ಮ ಮನೆ, ಅಂಗಡಿ ಸರಿಮಾಡಿಕೊಳ್ಳುತ್ತಿದ್ದ ಹೊತ್ತಿಗೇ ಕ್ಲಬ್ ಮುಚ್ಚುವ ಸುದ್ದಿ ಬಂತು.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಅದೇ ಅವಧಿಯಲ್ಲಿ ಆಸ್ಟ್ರೇಲಿಯಾ 2022ರ ವಿಶ್ವಕಪ್ ನಡೆಸಲು ಅರ್ಜಿ ಹಾಕಿತ್ತು. ಅದಕ್ಕೆ ಸರ್ಕಾರದ ದುಡ್ಡು ನಾಲ್ಕು ಕೋಟಿ ಡಾಲರಿಗೂ ಜಾಸ್ತಿ ಖರ್ಚಾಯಿತು. 2010ರ ಡಿಸೆಂಬರಿನಲ್ಲಿ ಮತ ಎಣಿಸಿದಾಗ ಸಿಕ್ಕಿದ್ದು ಒಂದೇ ಒಂದು ಮತ. ಮೂರು ತಿಂಗಳಿಗೆ ಫ್ಯೂರಿಯನ್ನು ಮುಚ್ಚಿದರು, ದುಡ್ಡಿಲ್ಲ ಅಂತ. ಎರಡೂ ಬೇರೆ ಬೇರೆ ಲೆಕ್ಕದ ಹಣ, ಅದು ನನಗೆ ಗೊತ್ತು. ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕೋಕೆ ಬರುವುದಿಲ್ಲ. ಆದರೂ ಆಟ ನಡೆಸುವವರ ಕಣ್ಣು ಎಲ್ಲಿತ್ತು ಅನ್ನುವುದು ಇದರಲ್ಲಿ ಕಾಣುತ್ತದೆ. ಟೌನ್ಸ್‌ವಿಲ್‌ನ ಹುಡುಗ ಹುಡುಗಿಯರು ಅದರ ಬೆಲೆ ಕೊಟ್ಟರು.

ಫ್ಯೂರಿ ಜೊತೆಗೇ 2009ರಲ್ಲಿ ಲೀಗಿಗೆ ಬಂದ ಇನ್ನೊಂದು ಕ್ಲಬ್ ಗೋಲ್ಡ್ ಕೋಸ್ಟ್ ಯುನೈಟೆಡ್. ಮಾಲೀಕ ಕ್ಲೈವ್ ಪಾಮರ್, ಗಣಿ ಉದ್ಯಮಿ. ಟೌನ್ಸ್‌ವಿಲ್ ಪಕ್ಕದ ಯಾಬುಲು ನಿಕ್ಕಲ್ ಕಾರ್ಖಾನೆಯನ್ನು ಅದೇ ವರ್ಷ ಕೊಂಡವರೂ ಅವರೇ. ಅಲ್ಲಿ ದುಡ್ಡಿಗೆ ಬರ ಇರಲಿಲ್ಲ, ತಂಡವೂ ಚೆನ್ನಾಗಿ ಆಡುತ್ತಿತ್ತು. ಆದರೆ ಮೈದಾನದ ಖರ್ಚು ಉಳಿಸಲು ಒಂದು ಹಂತದಲ್ಲಿ ಪ್ರೇಕ್ಷಕರನ್ನು 5,000ಕ್ಕೆ ಸೀಮಿತ ಮಾಡಲು ಹೊರಟರು. ಜನ ಬರಲಿ ಅಂತ ಕ್ಲಬ್ ಕಟ್ಟಿ, ಜಾಸ್ತಿ ಜನ ಬರಬೇಡಿ ಅಂದ ಹಾಗಾಯಿತು. ವಿರೋಧ ಬಂದ ಮೇಲೆ ಹಿಂದೆಗೆದುಕೊಂಡರು. 2012ರಲ್ಲಿ ಆ ಕ್ಲಬ್ಬೂ ಹೋಯಿತು. ಒಂದು ಕಡೆ ಜೇಬು ಚಿಕ್ಕದು, ಇನ್ನೊಂದು ಕಡೆ ಜೇಬು ದೊಡ್ಡದು. ಎರಡೂ ಕಡೆ ಊರಿಗೂ ಕ್ಲಬ್ಬಿಗೂ ನಂಟು ಬೆಳೆಯುವ ಮೊದಲೇ ಬಾಗಿಲು ಹಾಕಿತು.

ಪರ್ತ್‌ಗೆ ಹೋದ ಫೌಲರ್ ಅಲ್ಲೂ ಸುಮ್ಮನೆ ಕೂರಲಿಲ್ಲ. 28 ಪಂದ್ಯ, ಮತ್ತೆ 9 ಗೋಲು. ಸೀಸನ್ ನಡುವೆ ಅವರ ಫ್ಯೂರಿಯ ಕೋಚ್ ಫರ್ಗ್ಯುಸನ್ನರೇ ಪರ್ತ್‌ಗೂ ಕೋಚ್ ಆದರು. ಆದರೂ ಪರ್ತ್ ಹತ್ತನೇ ಸ್ಥಾನ, ಅಂದರೆ ಫ್ಯೂರಿಗಿಂತ ಒಂದೇ ಮೆಟ್ಟಿಲು ಮೇಲೆ. ವರ್ಷಕ್ಕೆ ಒಂಬತ್ತು ಗೋಲು ಹೊಡೆಯುವ ಫಾರ್ವರ್ಡ್ ಇದ್ದೂ ತಂಡ ಕೆಳಗಿನಿಂದ ಎರಡನೆಯದು.

ಹತ್ತು ವರ್ಷದ ನಂತರ ಅದೇ ಪರ್ತ್ ಮತ್ತೆ ಅದೇ ಪ್ರಯೋಗ ಮಾಡಿತು. ಈ ಸಲ ಡೇನಿಯಲ್ ಸ್ಟರಿಜ್. ಅವರೂ ಲಿವರ್‌ಪೂಲ್, ಅವರೂ ಇಂಗ್ಲೆಂಡ್ ತಂಡದವರು. 2021ರ ನವೆಂಬರಿನಲ್ಲಿ ಅಡಿಲೇಡ್ ವಿರುದ್ಧದ ತವರು ಪಂದ್ಯಕ್ಕೆ 17 ಸಾವಿರ ಜನ ಸೇರಿದರು. ಸ್ಟರಿಜ್ ಆಡಿದ್ದು ಕೊನೆಯ ಕೆಲವೇ ನಿಮಿಷ. ಅಷ್ಟು ನೋಡಲು ಅಷ್ಟು ಜನ. ಹೆಸರಿಗೆ ಎಷ್ಟು ಶಕ್ತಿ ಇದೆ ನೋಡಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆಮೇಲೆ ಕೋವಿಡ್ ಕಾರಣಕ್ಕೆ ಪಶ್ಚಿಮ ಆಸ್ಟ್ರೇಲಿಯಾ ತನ್ನ ಗಡಿಯನ್ನು 2022ರ ಮಾರ್ಚ್‌ವರೆಗೆ ಬಿಗಿಯಾಗಿ ಮುಚ್ಚಿಟ್ಟಿತು. ಪರ್ತ್ ತಂಡ ತಿಂಗಳುಗಟ್ಟಲೆ ಮನೆಯಿಂದ ಹೊರಗೆ ಅಲೆಯಿತು. ಸ್ಟರಿಜ್‌ಗೆ ಗಾಯದ ಕಾಟ ಬೇರೆ. ಕೊನೆಗೆ ಲೀಗಿನಲ್ಲಿ 6 ಪಂದ್ಯ, ಒಂದೂ ಗೋಲಿಲ್ಲ. ತಂಡ ಕೊನೆಯ ಸ್ಥಾನದಲ್ಲಿತ್ತು. 2023ರಲ್ಲಿ ಮಾಲೀಕರು ಲೈಸೆನ್ಸನ್ನೇ ವಾಪಸ್ ಕೊಟ್ಟರು. ಹೊಸ ಮಾಲೀಕರು ಸಿಗಲು 2024ರವರೆಗೆ ಕಾಯಬೇಕಾಯಿತು.

ಫೌಲರ್ ಆಡಿದರು, ಸ್ಟರಿಜ್‌ಗೆ ಆಡಲಾಗಲಿಲ್ಲ. ಆದರೆ ಎರಡೂ ಕ್ಲಬ್‌ಗಳ ಕಥೆ ಹೋಗಿ ಮುಟ್ಟಿದ್ದು ಒಂದೇ ಕಡೆ. ಅದಕ್ಕೇ ‘ಒಳ್ಳೆಯ ಸ್ಟಾರ್ ತಂದಿದ್ದರೆ ಸರಿಹೋಗುತ್ತಿತ್ತು’ ಅನ್ನುವ ವಾದ ನನಗೆ ಒಪ್ಪಿಗೆಯಾಗುವುದಿಲ್ಲ.

ಹಾಗಂತ ಇಂಗ್ಲೆಂಡಿನಿಂದ ಹೋದವರೆಲ್ಲ ಹೀಗೇ ಅಂದುಕೊಳ್ಳಬೇಡಿ. ಆ್ಯಡಮ್ ಲೆ ಫಾಂಡ್ರ್ ಹೆಸರು ನಮ್ಮಲ್ಲಿ ಐಎಸ್‌ಎಲ್ ನೋಡುವವರಿಗೆ ಗೊತ್ತು. ಸ್ಟಾಕ್‌ಪೋರ್ಟ್ ಹುಡುಗ. ರೋಚ್‌ಡೇಲ್, ರಾಥರ್‌ಹ್ಯಾಮ್‌ನಂಥ ಸಣ್ಣ ಕ್ಲಬ್‌ಗಳಿಂದ ಮೇಲೆ ಬಂದು ರೆಡಿಂಗ್ ಪರ ಪ್ರೀಮಿಯರ್ ಲೀಗ್ ಆಡಿದವರು. 2018ರಲ್ಲಿ ಸಿಡ್ನಿ ಎಫ್‌ಸಿಗೆ ಬಂದಾಗ ಯಾರೂ ವಿಮಾನ ನಿಲ್ದಾಣಕ್ಕೆ ಮುತ್ತಿಗೆ ಹಾಕುವಷ್ಟು ದೊಡ್ಡ ಹೆಸರಲ್ಲ. ಮೊದಲ ಸೀಸನ್ 16 ಗೋಲು, ಎರಡನೆಯದು 20. ಎರಡೂ ವರ್ಷ ಸಿಡ್ನಿಗೆ ಪ್ರಶಸ್ತಿ. ಆಮೇಲೆ 2020-21ರಲ್ಲಿ ಮುಂಬೈ ಸಿಟಿಗೆ ಬಂದು 11 ಗೋಲು ಹೊಡೆದರು. ಅಂಕಪಟ್ಟಿಯಲ್ಲಿ ಮೊದಲು ಬಂದವರಿಗೆ ಸಿಗುವ ಲೀಗ್ ಶೀಲ್ಡ್, ಫೈನಲ್ ಗೆದ್ದವರಿಗೆ ಸಿಗುವ ಟ್ರೋಫಿ, ಎರಡನ್ನೂ ಮುಂಬೈ ಎತ್ತಿತು. ಸಿಡ್ನಿಗೆ ಬೇಕಾಗಿದ್ದದ್ದು ಗೋಲು ಹೊಡೆಯುವ ಒಬ್ಬ ಫಾರ್ವರ್ಡ್, ಅಷ್ಟೇ. ಉಳಿದದ್ದೆಲ್ಲ ಕ್ಲಬ್ಬಿನ ಹತ್ತಿರ ಆಗಲೇ ಇತ್ತು.

ಆದರೆ ನನ್ನ ಮೆಚ್ಚಿನ ಕಥೆ ನಿಕ್ ಮಾಂಟ್‌ಗೊಮೆರಿಯದ್ದು. ಲೀಡ್ಸ್‌ನಲ್ಲಿ ಹುಟ್ಟಿ, ಶೆಫೀಲ್ಡ್ ಯುನೈಟೆಡ್ ಒಂದರಲ್ಲೇ ಹನ್ನೆರಡು ವರ್ಷ ಆಡಿದ ಮಿಡ್‌ಫೀಲ್ಡರ್. ಪೋಸ್ಟರ್ ಹಚ್ಚುವ ಆಟಗಾರ ಅಲ್ಲ. ಓಡುವವರು, ಚೆಂಡು ಕಿತ್ತುಕೊಳ್ಳುವವರು, ಪಕ್ಕದವರಿಗೆ ಕೊಡುವವರು. 2012ರಲ್ಲಿ ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್‌ಗೆ ಬಂದರು. ಗಾಸ್‌ಫರ್ಡ್ ಅನ್ನುವ ಪುಟ್ಟ ಊರು, ಸಿಡ್ನಿಯಿಂದ ಉತ್ತರಕ್ಕೆ ರೈಲಿನಲ್ಲಿ ಹೋಗಬಹುದು. ಅಲ್ಲಿನ ಮೈದಾನದ ಒಂದು ಬದಿಗೆ ಸ್ಟ್ಯಾಂಡೇ ಇಲ್ಲ. ಆ ಬದಿಯಲ್ಲಿ ತಾಳೆಮರಗಳ ಸಾಲು, ಅದರಾಚೆ ನೀರು. ಮೈದಾನದಲ್ಲಿ ಗಾಳಿ ತುಂಬಿದ ದೊಡ್ಡ ಟೊಮ್ಯಾಟೊ ಸಾಸ್ ಬಾಟಲಿಗಳನ್ನು ನಿಲ್ಲಿಸಿರುತ್ತಾರೆ. ಸಾಸ್ ಮಾಡುವ ಕಂಪನಿ ಆ ಭಾಗದ್ದೇ, ಕ್ಲಬ್ಬಿಗೆ ಪ್ರಾಯೋಜಕರು. ಟಿವಿಯಲ್ಲಿ ಆ ಬಾಟಲಿ ಕಂಡರೆ ಸಾಕು, ಇದು ಯಾವ ಊರಿನ ಪಂದ್ಯ ಅಂತ ಸ್ಕೋರ್ ನೋಡದೆಯೇ ಹೇಳಬಹುದು. ಕ್ಲಬ್ ಅಂದರೆ ಊರು ಅನ್ನುವುದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡದ್ದು ಅಲ್ಲಿ.

ಮಾಂಟ್‌ಗೊಮೆರಿ 2013ರಲ್ಲಿ ಅವರೊಂದಿಗೆ ಪ್ರಶಸ್ತಿ ಗೆದ್ದರು. ಮುಂದೆ ಅದೇ ಕ್ಲಬ್ಬಿನ ಎಳೆಯರಿಗೆ ಕೋಚ್ ಆದರು. 2021ರಲ್ಲಿ ಹಿರಿಯರ ತಂಡಕ್ಕೆ ಮುಖ್ಯ ಕೋಚ್. 2023ರ ಜೂನಿನಲ್ಲಿ ಗ್ರ್ಯಾಂಡ್ ಫೈನಲ್‌ನಲ್ಲಿ, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪಂದ್ಯದಲ್ಲಿ, ಮೆಲ್ಬರ್ನ್ ಸಿಟಿಯನ್ನು 6-1ರಿಂದ ಸೋಲಿಸಿದರು. ಎದುರಿಗಿದ್ದದ್ದು ಮ್ಯಾಂಚೆಸ್ಟರ್ ಸಿಟಿಯ ಮಾಲೀಕರ ದುಡ್ಡಿನ ಕ್ಲಬ್. ಗೆದ್ದದ್ದು ಲೀಗಿನ ಅತಿ ಸಣ್ಣ ಬಜೆಟ್‌ಗಳಲ್ಲಿ ಒಂದನ್ನಿಟ್ಟುಕೊಂಡ ಕ್ಲಬ್. ಇಂಗ್ಲೆಂಡಿನ ಒಬ್ಬ ಆಟಗಾರ ಆಸ್ಟ್ರೇಲಿಯಾದ ಕ್ಲಬ್ಬಿಗೆ ಏನು ಕೊಡಬಹುದು ಅಂತ ಯಾರಾದರೂ ಕೇಳಿದರೆ, ನಾನು ಮೊದಲು ತೋರಿಸುವುದು ಈ ಹತ್ತು ವರ್ಷಗಳನ್ನು.

ಫೌಲರ್ ಕಥೆ ಕೂಡ ಪರ್ತ್‌ಗೆ ಮುಗಿಯಲಿಲ್ಲ. 2019ರಲ್ಲಿ ಅವರು ಬ್ರಿಸ್ಬೇನ್ ರೋರ್‌ಗೆ ಕೋಚ್ ಆಗಿ ಆಸ್ಟ್ರೇಲಿಯಾಕ್ಕೆ ವಾಪಸ್ ಬಂದರು. ಕೋವಿಡ್ ಬಂದು, 2020ರಲ್ಲಿ ಬಿಟ್ಟು ಹೋದರು. ಇದ್ದದ್ದು ಒಂದು ವರ್ಷದಷ್ಟೇ. ಆದರೆ ಆ ವರ್ಷ ಅವರು ಕರೆತಂದವರಲ್ಲಿ ಟಾಮ್ ಆಲ್ಡ್ರೆಡ್ ಅನ್ನುವ ಡಿಫೆಂಡರ್ ಇದ್ದರು. ಬೋಲ್ಟನ್‌ನವರು. ಇಂಗ್ಲೆಂಡಿನ ಕೆಳ ಡಿವಿಷನ್‌ಗಳಲ್ಲಿ ಆಡಿಕೊಂಡಿದ್ದವರು. ಫೌಲರ್ ಹೋದ ಮೇಲೂ ಆಲ್ಡ್ರೆಡ್ ಉಳಿದರು, ತಂಡದ ನಾಯಕರಾದರು, ಐದು ಸೀಸನ್ ಆಡಿದರು. ಫೌಲರ್ ಹೊಡೆದ ಹದಿನೆಂಟು ಗೋಲಿಗಿಂತ ಆಸ್ಟ್ರೇಲಿಯಾದ ಫುಟ್‌ಬಾಲಿಗೆ ಜಾಸ್ತಿ ಕಾಲ ಉಪಯೋಗಕ್ಕೆ ಬಂದದ್ದು ಅವರ ಈ ಆಯ್ಕೆ ಅಂತ ನನ್ನ ಅಭಿಪ್ರಾಯ.

ಆಲ್ಡ್ರೆಡ್ 2024ರಲ್ಲಿ ಕೋಲ್ಕತ್ತಾದ ಮೋಹನ್ ಬಗಾನ್ ಸೇರಿದರು. ಬೆಂಗಳೂರಿನವರಿಗೆ ಮುಂದಿನದು ಹೇಳಬೇಕಿಲ್ಲ. 2025ರ ಏಪ್ರಿಲ್ 12ರ ಐಎಸ್‌ಎಲ್ ಫೈನಲ್. ಸಾಲ್ಟ್ ಲೇಕ್ ಮೈದಾನ. ಬೆಂಗಳೂರು ಎಫ್‌ಸಿ 1-0 ಮುಂದಿತ್ತು. ಪೆನಾಲ್ಟಿಯಲ್ಲಿ ಸಮ ಮಾಡಿದವರು ಜೇಸನ್ ಕಮಿಂಗ್ಸ್, 2023ರ ಆ ಆರು ಗೋಲಿನ ಫೈನಲ್‌ನಲ್ಲಿ ಮಾಂಟ್‌ಗೊಮೆರಿ ತಂಡಕ್ಕೆ ಹ್ಯಾಟ್ರಿಕ್ ಹೊಡೆದವರು. ಹೆಚ್ಚುವರಿ ಸಮಯದಲ್ಲಿ ಗೆಲುವಿನ ಗೋಲು ಜೇಮೀ ಮೆಕ್ಲಾರೆನ್‌ರದ್ದು. ಅವರು ಎ-ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಹೊಡೆದವರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ನಮಗೆ ಆ ರಾತ್ರಿ ಹಾಗಾಯಿತು. ನಾನು ಟಿವಿ ಆರಿಸಿ ಸುಮಾರು ಹೊತ್ತು ಹಾಗೇ ಕೂತಿದ್ದೆ. ಆಮೇಲೆ ಹೊಳೆಯಿತು. ನಮ್ಮನ್ನು ಸೋಲಿಸಿದ್ದು ಪೋಸ್ಟರ್‌ಗಳ ಹಳೆಯ ಹೀರೋಗಳಲ್ಲ. ಇನ್ನೂ ಆಡುವ ವಯಸ್ಸಿನಲ್ಲೇ ಇದ್ದ, ಎ-ಲೀಗಿನಲ್ಲಿ ಪಳಗಿದ ಕಸುಬುದಾರರು.

ಬೆಂಗಳೂರಿಗೂ ಆ ಲೀಗಿನಿಂದ ಒಳ್ಳೆಯದೇ ಆಗಿದೆ. ಎರಿಕ್ ಪಾರ್ಟಲು ನಾಲ್ಕು ಸೀಸನ್ ಇಲ್ಲಿ ಆಡಿದರು. 2011ರ ಎ-ಲೀಗ್ ಗ್ರ್ಯಾಂಡ್ ಫೈನಲ್‌ನಲ್ಲಿ ಬ್ರಿಸ್ಬೇನ್‌ಗಾಗಿ ಕೊನೆಯ ಕ್ಷಣದಲ್ಲಿ ಸಮಬಲದ ಗೋಲು ಹೊಡೆದವರು ಅವರೇ. ಪರ್ತ್‌ನಲ್ಲಿ ಹುಟ್ಟಿದ ರಯಾನ್ ವಿಲಿಯಮ್ಸ್ 2023ರಲ್ಲಿ ಬಂದರು. ಅವರ ತಾಯಿಯ ಕಡೆಯವರು ಮುಂಬೈನ ಆಂಗ್ಲೋ ಇಂಡಿಯನ್ ಮನೆತನದವರು. 2025ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟು ಭಾರತದ ಪೌರತ್ವ ತೆಗೆದುಕೊಂಡರು.

ಇವತ್ತಿನ ಎ-ಲೀಗಿಗೆ ಬಂದರೆ ಹಳೆಯ ಗಾಯ ಇನ್ನೂ ಮಾಗಿಲ್ಲ. 2021ರಲ್ಲಿ ಟಿವಿ ಹಕ್ಕು ಐದು ವರ್ಷಕ್ಕೆ ಸುಮಾರು 20 ಕೋಟಿ ಡಾಲರಿಗೆ ಹೋಯಿತು. ಅದೇ ವರ್ಷ ಅಮೆರಿಕದ ಹೂಡಿಕೆ ಸಂಸ್ಥೆ ಸಿಲ್ವರ್ ಲೇಕ್ ಸುಮಾರು 14 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ಲೀಗಿನ ಮೂರನೇ ಒಂದು ಪಾಲು ಕೊಂಡಿತು. ಆ ಹಣದಲ್ಲಿ ದೊಡ್ಡ ಭಾಗ ಲೀಗಿನ ಸ್ವಂತ ಸುದ್ದಿ ಜಾಲತಾಣಕ್ಕೆ ಹೋಯಿತು. 2024ರ ಜನವರಿಯಲ್ಲಿ ಅದನ್ನು ಮುಚ್ಚಿ, ಲೀಗ್ ಕಚೇರಿಯ ಅರ್ಧದಷ್ಟು ನೌಕರರನ್ನು ಮನೆಗೆ ಕಳಿಸಿದರು. ಕ್ಲಬ್‌ಗಳಿಗೆ ವರ್ಷಕ್ಕೆ ಬರುತ್ತಿದ್ದ ಪಾಲೂ ಕುಸಿಯಿತು. ಮೆಲ್ಬರ್ನಿನ ವೆಸ್ಟರ್ನ್ ಯುನೈಟೆಡ್ 2022ರಲ್ಲಿ ಚಾಂಪಿಯನ್ ಆಗಿತ್ತು. 2025-26ರ ಸೀಸನ್‌ನಲ್ಲಿ ಆ ತಂಡ ಆಡಲೇ ಇಲ್ಲ. ಮೂರು ವರ್ಷದ ಹಿಂದಿನ ಚಾಂಪಿಯನ್‌ಗೆ ಈ ಗತಿ ಅಂದರೆ ರೋಗ ಎಷ್ಟು ಆಳಕ್ಕಿದೆ ನೋಡಿ.

ಅದೇ ಲೀಗಿನಲ್ಲಿ 2024ರಲ್ಲಿ ಆಕ್ಲೆಂಡ್ ಎಫ್‌ಸಿ ಹುಟ್ಟಿತು. ಫೌಲರ್, ಸ್ಟರಿಜ್‌ನಂಥ ಒಂದು ಹೆಸರೂ ಅಲ್ಲಿ ಇರಲಿಲ್ಲ. ನ್ಯೂಜಿಲ್ಯಾಂಡಿನವರೇ ಆದ ಆಟಗಾರರು ಜಾಸ್ತಿ, ಜೊತೆಗೆ ಕೆಲವು ಪಳಗಿದ ವಿದೇಶಿಯರು. ಮೊದಲ ಸೀಸನ್‌ನಲ್ಲೇ ಅಂಕಪಟ್ಟಿಯಲ್ಲಿ ಮೊದಲ ಸ್ಥಾನ. ಲೀಗಿನಲ್ಲೇ ಅತಿ ಹೆಚ್ಚು ಜನ ನೋಡಲು ಬಂದದ್ದೂ ಅವರನ್ನೇ. ಅದು ದೊಡ್ಡ ನಗರ, ಮಾಲೀಕರೂ ಗಟ್ಟಿ. ಅದನ್ನು ಮರೆಯಬಾರದು. ಆದರೆ ದುಡ್ಡನ್ನು ಒಬ್ಬರ ಮೇಲೆ ಸುರಿಯದೆ ಇಡೀ ತಂಡಕ್ಕೆ ಹಂಚಿದಾಗ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ನಮ್ಮ ಮನೆಯ ಕಥೆಯೂ ಬೇರೆ ಅಲ್ಲ. 2014ರಲ್ಲಿ ಐಎಸ್‌ಎಲ್ ಶುರುವಾದಾಗ ಯುರೋಪಿನ ಹಳೆಯ ಸ್ಟಾರ್‌ಗಳಾದ ದೆಲ್ ಪಿಯೆರೊ, ಪಿರೆಸ್, ಟ್ರೆಜೆಗೆ ಅಂತ ಮಾರ್ಕೀ ಹೆಸರುಗಳ ಜಾತ್ರೆ ಇತ್ತು. ದೆಲ್ ಪಿಯೆರೊ ದೆಹಲಿಗೆ ಬಂದದ್ದೇ ಸಿಡ್ನಿಯಲ್ಲಿ ಎರಡು ಸೀಸನ್ ಮುಗಿಸಿ. ಹನ್ನೊಂದು ವರ್ಷದ ನಂತರ, 2025ರಲ್ಲಿ, ಲೀಗಿನ ವ್ಯಾಪಾರ ಒಪ್ಪಂದ ನವೀಕರಣವಾಗದೆ ಸೀಸನ್ನೇ ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲ. ಆ ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಸಂಬಳ ತಡೆಹಿಡಿಯುವುದಾಗಿ ಪ್ರಕಟಿಸಿತು. ಸುನಿಲ್ ಛೆಟ್ರಿ ಇರುವ ತಂಡ, ಕಂಠೀರವದಲ್ಲಿ ಕೂಗಿ ಗಂಟಲು ಕಟ್ಟಿಸಿಕೊಳ್ಳುವ ಅಭಿಮಾನಿಗಳಿರುವ ತಂಡ. ಅದಕ್ಕೂ ಈ ದಿನ ಬಂತು. ಆ ಸುದ್ದಿ ಓದುವಾಗ ನನಗೆ ನೆನಪಾದದ್ದು ಟೌನ್ಸ್‌ವಿಲ್.

2020ರಲ್ಲಿ ಟೌನ್ಸ್‌ವಿಲ್ ಊರಿನ ನಡುವೆಯೇ ಹೊಸ ಸ್ಟೇಡಿಯಂ ತೆರೆಯಿತು. 25 ಸಾವಿರ ಆಸನ, ಪಕ್ಕದಲ್ಲಿ ರಾಸ್ ಕ್ರೀಕ್ ನೀರು. ಕೌಬಾಯ್ಸ್ ಅಲ್ಲಿ ಆಡುತ್ತಾರೆ. ಎ-ಲೀಗಿನ ತಂಡ ಮಾತ್ರ ಆ ಊರಿಗೆ ಇನ್ನೂ ವಾಪಸ್ ಬಂದಿಲ್ಲ. 2009ರಲ್ಲಿ ಫೌಲರ್ ಆಟ ನೋಡಿದ ಹತ್ತು ವರ್ಷದ ಮಕ್ಕಳಿಗೆ ಈಗ ಇಪ್ಪತ್ತೈದು ದಾಟಿದೆ.